ಹಾಳೆಯ ಮೇಲಿನ ತೇರು

ಮನಸ್ಸಿನಲ್ಲಿ ಮೂಡುವ ಕಲ್ಪನೆಗೂ ಕೈಯಿಂದ ಹೊರಬರುವ ವಸ್ತುವಿಗೂ ನಡುವೆ ಇರುವ ಅಂತರ ಬಹು ದೊಡ್ಡದು. ಅದನ್ನು ದಾಟಲು ನಮ್ಮ ಹಿರಿಯರು ಕಂಡುಕೊಂಡ ಹಾದಿ ಎರಡು: ಮೊದಲು ಗೀಚಿ ನೋಡುವುದು, ಆಮೇಲೆ ಅಗ್ಗದ ಸಾಮಗ್ರಿಯಲ್ಲಿ ಮಾಡಿ ನೋಡುವುದು. ಹೆಣ್ಣುಮಕ್ಕಳಿಗೆ ಇದು ಹೊಸ ಮಾತಲ್ಲ. ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ಹಾಕುವ ರಂಗೋಲಿಯಲ್ಲಿ ಗೆರೆ ತಪ್ಪಿದರೆ ಬೆರಳಿನಿಂದ ಒರೆಸಿ ಮತ್ತೆ ಎಳೆಯುತ್ತೇವೆ. ಮರುದಿನ ಅದೇ ಅಂಗಳ ಹೊಸ ಹಾಳೆಯಾಗಿ ಕಾದಿರುತ್ತದೆ. ಆದರೆ ಇದರ ನಿಜವಾದ ಅರ್ಥ ನನಗೆ ಮನದಟ್ಟಾದದ್ದು ನಾನು ಮಾಡಿದ ಒಂದು ತಪ್ಪಿನ ಮೂಲಕ. ಅದನ್ನು ಓದುಗ ಬಂಧುಗಳಲ್ಲಿ, ವಿಶೇಷವಾಗಿ ಸೋದರಿಯರಲ್ಲಿ, ನಿವೇದಿಸಿಕೊಳ್ಳಬೇಕೆನಿಸಿದೆ.

ನಾನು ಮದುವೆಯಾಗಿ ಧಾರವಾಡದ ಮನೆಗೆ ಬಂದಾಗ ಅತ್ತೆಯವರ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆ ಇತ್ತು. ಕಪ್ಪು ಒಡಲಿನ ಆ ಸೀರೆಯ ಸೆರಗಿನ ಬಳಿ ಅವರ ತಾಯಿ ಸ್ವತಃ ತೆಗೆದ ಕಸೂತಿ: ಗೋಪುರಗಳ ಸಾಲು, ಅದರ ನಡುವೆ ಒಂದು ತೇರು. ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ತೇರಿನ ತುದಿಯಲ್ಲಿ ಎಡಕ್ಕೆ ಬಾಗಿದ ಪತಾಕೆ. ಅಂತಹ ತೇರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕಾಲಕ್ರಮದಲ್ಲಿ ಸೀರೆ ಜೀರ್ಣವಾಗಿ ಮಡಿಕೆಗಳಲ್ಲಿ ಹರಿಯತೊಡಗಿತು. ಒಂದು ಮಧ್ಯಾಹ್ನ ಪಾತ್ರೆ ಮಾರುವವನು ಓಣಿಗೆ ಬಂದಾಗ, ಅತ್ತೆಯವರು ಊರಲ್ಲಿಲ್ಲದ ಹೊತ್ತಿನಲ್ಲಿ, ಇತರ ಹಳೆಯ ಬಟ್ಟೆಗಳೊಂದಿಗೆ ಅದನ್ನೂ ಹಾಕಿ ಒಂದು ಸ್ಟೀಲಿನ ಡಬರಿ ಕೊಂಡೆ. ಮರಳಿ ಬಂದ ಅತ್ತೆಯವರು ಬಯ್ಯಲಿಲ್ಲ. ಡಬರಿಯನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಕೆಳಗಿಟ್ಟರು. ಬೈದಿದ್ದರೇ ಒಳ್ಳೆಯದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಮಗಳ ಮದುವೆಯ ಮಾತು ಆರಂಭವಾದ ೨೦೨೨ರಲ್ಲಿ, ಆಕೆಗೆ ಕೊಡುವ ಇಳಕಲ್ಲ ಸೀರೆಯ ಮೇಲೆ ಅದೇ ತೇರನ್ನು ತೆಗೆಯಬೇಕೆಂದು ಸಂಕಲ್ಪ ಮಾಡಿದೆ. ನೆನಪಿನಿಂದ ಬಿಳಿಯ ಹಾಳೆಯ ಮೇಲೆ ಬರೆದೆ. ಚಿತ್ರ ಸುಂದರವಾಗಿಯೇ ಬಂತು. ಬಟ್ಟೆಗೆ ಇಳಿಸಹೊರಟಾಗ ಸೋತೆ. ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ; ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ನನ್ನ ಪೆನ್ಸಿಲಿನ ಬಾಗಿದ ಗೆರೆಗಳಿಗೆ ಎಳೆಗಳ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಆಗ ಮಕ್ಕಳು ಗಣಿತಕ್ಕೆ ಬಳಸುವ ಚೌಕುಳಿ ನೋಟುಬುಕ್ಕನ್ನು ತಂದು, ಒಂದು ಚೌಕಕ್ಕೆ ನಾಲ್ಕು ಎಳೆ ಎಂದು ಲೆಕ್ಕ ಹಾಕಿ ಮತ್ತೆ ಬರೆದೆ. ಬೆಂಗಳೂರಿನಲ್ಲಿರುವ ಮಗಳು ಅದನ್ನೇ ಕಂಪ್ಯೂಟರಿನಲ್ಲಿ ಇನ್ನಷ್ಟು ಅಚ್ಚುಕಟ್ಟಾಗಿ ಬರೆದು ಕಳಿಸಿದಳು. ಆದರೂ ಅರ್ಧಕ್ಕೆ ಬರುವಷ್ಟರಲ್ಲಿ ಸೂಜಿ ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿಬಿದ್ದು, ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿ ಹಾಯುತ್ತಿತ್ತು.

ಅತ್ತೆಯವರಿಗೆ ಆಗಲೇ ಎಂಬತ್ತು ದಾಟಿತ್ತು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಎದುರಿಗಿದ್ದವರ ಮುಖವೂ ಕಾಣದಂತಾಗಿತ್ತು. ನನ್ನ ನಿಟ್ಟುಸಿರು ಕೇಳಿ ವಿಷಯ ವಿಚಾರಿಸಿದರು. ನಾನು ಚಿತ್ರವನ್ನು ಮಾತಿನಲ್ಲಿ ವಿವರಿಸಿದೆ. ಅವರು ನಕ್ಕು, "ತೇರು ಚಂದ ಬರದಿ ಯವ್ವಾ. ಆದ್ರ ಸೂಜಿ ಯಾವ ಹಾದಿಲೆ ಹೋಗಿ ಯಾವ ಹಾದಿಲೆ ತಿರುಗಿ ಬರ್ತೈತಿ, ಅದನ್ನ ಎಲ್ಲಿ ಬರದಿ?" ಎಂದರು.

ಆ ಪ್ರಶ್ನೆ ನನ್ನ ಕಣ್ಣು ತೆರೆಸಿತು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರಗಿ ಎರಡೂ ಬಟ್ಟೆಯ ಎರಡು ಮಗ್ಗುಲಿಗೂ ಒಂದೇ ರೀತಿ ಕಾಣಬೇಕು. ಗಂಟು ಎಲ್ಲಿಯೂ ಇರಕೂಡದು. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಅದೇ ಹಾದಿಯಲ್ಲಿ ಮರಳುತ್ತ ಬಿಟ್ಟ ಮನೆಗಳನ್ನು ತುಂಬುತ್ತದೆ. ಹೊರಟಲ್ಲಿಗೆ ಬಂದು ಮುಟ್ಟದ ಹೊರತು ಗೆರೆ ಪೂರ್ಣವಾಗುವುದಿಲ್ಲ. ನನ್ನ ಹಾಳೆಯಲ್ಲಿ ತೇರಿನ ಆಕಾರವಿತ್ತು. ಹೋಗಿ ಬರುವ ಹಾದಿ ಇರಲಿಲ್ಲ. ಆ ಹಾದಿ ಇದ್ದದ್ದು ಅತ್ತೆಯವರ ಬೆರಳುಗಳಲ್ಲಿ ಮಾತ್ರ. ಅವರಿಗೋ ಎಳೆ ಕಾಣುವುದಿಲ್ಲ.

ಎರಡು ದಿನ ಯೋಚಿಸಿದ ಮೇಲೆ ಹಿತ್ತಲಲ್ಲಿದ್ದ ಗೋಣಿಚೀಲವೊಂದು ಕಣ್ಣಿಗೆ ಬಿತ್ತು. ಅದನ್ನು ತೊಳೆದು, ಒಣಗಿಸಿ, ಮೊಳದಗಲದ ತುಂಡು ಕತ್ತರಿಸಿ, ದಬ್ಬಣದಲ್ಲಿ ಕೆಂಪು ಉಣ್ಣೆಯ ದಾರ ಪೋಣಿಸಿ ಅತ್ತೆಯವರ ಕೈಗಿತ್ತೆ. ಗೋಣಿಯ ಎಳೆಗಳು ಕಣ್ಣಿಲ್ಲದೆಯೂ ಬೆರಳಿಗೆ ಸಿಗುವಷ್ಟು ದಪ್ಪ. ಅವರು ಸ್ವಲ್ಪ ಹೊತ್ತು ತಡವಿ ನೋಡಿದರು. ಅನಂತರ ಬಾಯಲ್ಲೇ ಎಣಿಸುತ್ತ ಹೊಲಿಯತೊಡಗಿದರು. ಬುಡದಿಂದ ಹೊರಟ ದಬ್ಬಣ ಬಲಗಾಲಿಯನ್ನು ಬಳಸಿ ಮೆಟ್ಟಿಲು ಏರಿತು. ಪತಾಕೆಯ ಕವಲು ಬಂದಾಗ ಅದರ ತುದಿಯವರೆಗೆ ಹೋಗಿ, ಅಲ್ಲಿಯೇ ಅದನ್ನು ಮುಗಿಸಿ, ಮತ್ತೆ ಮುಖ್ಯ ಹಾದಿಗೆ ಬಂದು ಎಡಕ್ಕೆ ಇಳಿಯಿತು. ನಾನು ಪಕ್ಕದಲ್ಲಿ ಕುಳಿತು ಚೌಕುಳಿ ಪುಸ್ತಕದಲ್ಲಿ ಬಾಣದ ಗುರುತು ಹಾಕುತ್ತ, ಪ್ರತಿಯೊಂದು ಹೊಲಿಗೆಗೂ ಸಂಖ್ಯೆ ಬರೆದುಕೊಂಡೆ. ಎರಡು ಸಲ ಅವರು ತಪ್ಪಿದರು, ಬಿಚ್ಚಿದರು. ನಾಲ್ಕನೆಯ ದಿನ ಸಂಜೆ ದಬ್ಬಣ ಹೊರಟಲ್ಲಿಗೇ ಬಂದು ನಿಂತಿತು. ಗೋಣಿಯನ್ನು ಮಗುಚಿ ಹಿಂಬದಿಯನ್ನು ಸವರಿ, "ಬಂತ ನೋಡು ನಮ್ಮವ್ವನ ತೇರು" ಎಂದರು. ನಮ್ಮಿಬ್ಬರ ಕಣ್ಣುಗಳೂ ಒದ್ದೆಯಾಗಿದ್ದವು.

ತೇರು ಕೈಗೆ ಬಂದ ಮೇಲೆ ನನಗೆ ಹುರುಪು ಹೆಚ್ಚಿತು. ಅದನ್ನೇ ಕೌದಿಯ ನಡುವೆ ಹಚ್ಚಬೇಕೆಂದು ಹಳೆಯ ಸೀರೆಯ ತುಂಡುಗಳನ್ನು ನಕ್ಷೆಯ ಅಳತೆಗೇ ಕತ್ತರಿಸಿದೆ. ಸುತ್ತಲೂ ಕಾಲಿಂಚು ಒಳಕ್ಕೆ ಮಡಚಿ ಹೊಲಿದಾಗ ಮೆಟ್ಟಿಲುಗಳೆಲ್ಲ ಮಡಿಕೆಯಲ್ಲಿ ಕರಗಿ, ತೇರು ಹೋಗಿ ಬಣವೆಯಂತಾಯಿತು! ಮುಂದಿನ ಸಲ ಬುದ್ಧಿ ಕಲಿತು, ಮೊದಲು ಹಳೆಯ ದಿನಪತ್ರಿಕೆಯನ್ನು ಕತ್ತರಿಸಿ, ಮಡಚಿ, ಹಾಸಿ ನೋಡಿದೆ. ೯ ಮೆಟ್ಟಿಲುಗಳನ್ನು ೫ಕ್ಕೆ ಇಳಿಸಿದಾಗ ಕೌದಿಯ ತೇರು ತಲೆಯೆತ್ತಿ ನಿಂತಿತು.

೨೦೨೩ರಲ್ಲಿ ಬೀದರಿನ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದ ಸುದ್ದಿ ಓದಿದಾಗ, ಲೋಹದ ಮೇಲೆ ನಮ್ಮ ತೇರು ಹೇಗೆ ಕಂಡೀತು ಎಂಬ ಆಸೆ ಮೂಡಿತು. ಬೀದರಿಗೆ ಹೋದಾಗ ಅಲ್ಲಿಯ ಕುಶಲಕರ್ಮಿಯೊಬ್ಬರ ಮುಂದೆ ನೋಟುಬುಕ್ಕನ್ನಿಟ್ಟೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ವಸ್ತುವಿಗೆ ಅವರು ಮೊದಲು ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಮೊನೆಯಿಂದ ನೇರವಾಗಿ ಚಿತ್ರ ಗೀರಿ, ಉಳಿಯಿಂದ ಕಾಲುವೆ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರಗಳ ಸಂಸ್ಕಾರದಿಂದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಆ ಹಿರಿಯರು ನನ್ನ ನಕ್ಷೆ ನೋಡಿ, ಗೆರೆಗಳು ಇಷ್ಟು ಒತ್ತಾಗಿದ್ದರೆ ಎರಡು ಕಾಲುವೆಗಳ ನಡುವಿನ ಗೋಡೆಯೇ ಮುರಿದೀತೆಂದರು. ನಂಬಿಕೆ ಬರಲೆಂದು ಒಡೆದ ಎರಕದ ಚೂರೊಂದರ ಮೇಲೆ ಕೊರೆದು ತೋರಿಸಿದರು; ಗೋಡೆ ಉದುರಿತು. ಬಳಿಕ ಒಳಗಿನ ಗೆರೆಗಳನ್ನು ಬಿಟ್ಟು ಹೊರಗಿನ ರೇಖೆಯನ್ನಷ್ಟೇ ಉಳಿಸಿ, ವಿಭೂತಿ ಇಡುವ ಪುಟ್ಟ ಡಬ್ಬಿಯ ಮುಚ್ಚಳದ ಮೇಲೆ ತೇರನ್ನು ಮಾಡಿಕೊಟ್ಟರು.

ಒಂದೇ ತೇರು ದಾರಕ್ಕೆ ಒಂದು ಬಗೆ, ಅರಿವೆಗೆ ಇನ್ನೊಂದು, ಲೋಹಕ್ಕೆ ಮತ್ತೊಂದು. ನಮ್ಮ ಕಲ್ಪನೆ ಎಷ್ಟೇ ಚೆಲುವಾಗಿದ್ದರೂ ಸಾಮಗ್ರಿಯ ಸ್ವಭಾವಕ್ಕೆ ಅದು ಬಾಗಬೇಕು. ಬಾಗುವುದನ್ನು ಕಲಿಸುವುದು ಪಕ್ಕಾ ಕೆಲಸಕ್ಕೆ ಮುಂಚಿನ ಕಚ್ಚಾ ಪ್ರಯೋಗ. ಗೋಣಿಯ ತುಂಡು, ದಿನಪತ್ರಿಕೆಯ ಹಾಳೆ, ಒಡೆದ ಎರಕದ ಚೂರು ಇವುಗಳಲ್ಲಿ ಮಾಡಿದ ತಪ್ಪಿಗೆ ಬೆಲೆಯಿಲ್ಲ; ಆದರೆ ಅದು ಕಲಿಸುವ ಪಾಠಕ್ಕೆ ಬೆಲೆ ಕಟ್ಟಲಾಗದು.

೨೦೨೪ರಲ್ಲಿ ಮಗಳ ಮದುವೆ ನಡೆಯಿತು. ಸೀರೆಯ ಮೇಲಿನ ತೇರನ್ನು ಅತ್ತೆಯವರು ಕಾಣಲಾರದಿದ್ದರೂ, ಮೊಮ್ಮಗಳ ಸೆರಗನ್ನು ಹಿಡಿದು ಎರಡೂ ಮಗ್ಗುಲು ಸವರಿ ತಲೆದೂಗಿದರು. ಮುಂದೆ ಕೆಲವೇ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಸೀರೆ ಮಗಳೊಂದಿಗಿದೆ, ಡಬ್ಬಿ ದೇವರ ಮನೆಯಲ್ಲಿದೆ. ಆ ಗೋಣಿಯ ತುಂಡು ಮಾತ್ರ ನನ್ನ ಟ್ರಂಕಿನಲ್ಲಿ, ನೋಟುಬುಕ್ಕಿನ ಜೊತೆಗೆ ಭದ್ರವಾಗಿದೆ. ಡಬರಿಯನ್ನು ಇಂದಿಗೂ ದಿನನಿತ್ಯ ಬಳಸುತ್ತೇನೆ. ಅದು ನನ್ನ ತಪ್ಪನ್ನು ನೆನಪಿಸುತ್ತಲೇ ಇರಲಿ.

ಸೋದರಿಯರೇ, ನಿಮ್ಮ ಮನೆಯ ಹಿರಿಯರು ತೆಗೆದ ಕಸೂತಿ, ಹೊಲಿದ ಕೌದಿ, ಹೆಣೆದ ಮಣಿಸಾಮಾನು ಜೀರ್ಣವಾಗಿದ್ದರೆ ಕೊಟ್ಟುಬಿಡುವ ಮುನ್ನ ಒಂದು ಚೌಕುಳಿ ಪುಸ್ತಕ ಕೊಳ್ಳಿರಿ. ಆಕಾರವನ್ನಷ್ಟೇ ಬರೆದುಕೊಂಡು ತೃಪ್ತರಾಗಬೇಡಿರಿ. ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಕೈಗೆ ಒಂದು ತುಂಡು ಬಟ್ಟೆ ಕೊಟ್ಟು, ಸೂಜಿ ಹೋದ ಹಾದಿಯನ್ನೂ ಮರಳಿದ ಹಾದಿಯನ್ನೂ ಕೇಳಿ ಬರೆದುಕೊಳ್ಳಿರಿ. ಅವರು ಇರುವಾಗಲೇ ಕೇಳಿರಿ.