ರೋಗಿಯ ಗುಟ್ಟೂ ಒಂದು ಅಮಾನತು

2025ರ ಫೆಬ್ರವರಿಯ ನಡುವಿನಿಂದ ಮಾರ್ಚ್ ಕೊನೆಯವರೆಗೆ, ಆರು ವಾರಗಳ ಕಾಲ ನಾನು ಬೈಲಹೊಂಗಲ ಭಾಗದ ಒಂದು ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದೆ. ಸಮಾಜಕಾರ್ಯ ಪದವಿಯ ವಿದ್ಯಾರ್ಥಿನಿಯರಿಗೆ ಇಂಟರ್ನ್‌ಶಿಪ್ ಕಡ್ಡಾಯ. ಕೊನೆಯಲ್ಲಿ ಒಂದು ವರದಿ ಬರೆದು ಕೊಡಬೇಕು. ನಾನೂ ಬರೆದು ಕೊಟ್ಟೆ, ಒಳ್ಳೆಯ ಅಂಕಗಳೂ ಬಂದವು. ಆದರೆ ಆ ವರದಿಯಲ್ಲಿ ನಾನು ಬರೆಯದೆ ಬಿಟ್ಟ ಒಂದು ಸಂಗತಿ ಇದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನನ್ನ ಕೆಲಸ ದೊಡ್ಡದೇನೂ ಆಗಿರಲಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಚೀಟಿ ಮಾಡಿಸುವ ಕಿಟಕಿಯ ಮುಂದೆ ಸಾಲು ಬೆಳೆದಿರುತ್ತಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಿಂದ ಮೊದಲ ಬಸ್ಸು ಹಿಡಿದು ಬಂದವರು, ಹೊಲದ ಕೆಲಸ ಬಿಟ್ಟು ಬಂದವರು, ಮಡಿಲಲ್ಲಿ ಮಗು ಕಟ್ಟಿಕೊಂಡು ಬಂದವರು ಅಲ್ಲಿ ನಿಂತಿರುತ್ತಿದ್ದರು. ಯಾವ ಕೋಣೆಗೆ ಹೋಗಬೇಕು, ರಕ್ತ ಎಲ್ಲಿ ಕೊಡಬೇಕು, ವರದಿ ಯಾವಾಗ ಸಿಗುತ್ತದೆ ಎಂದು ಹೇಳುವುದು, ಓದು ಬಾರದವರಿಗೆ ಚೀಟಿ ಓದಿ ತಿಳಿಸುವುದು, ಉರ್ದು ಮಾತ್ರ ಸಲೀಸಾಗಿ ಬರುವ ಹಿರಿಯ ಹೆಂಗಸರ ಮಾತನ್ನು ಡಾಕ್ಟರಿಗೆ ಕನ್ನಡದಲ್ಲಿ ಒಪ್ಪಿಸುವುದು, ಇಷ್ಟೇ ನನ್ನ ಪಾಲಿನ ಕೆಲಸ.

ರಾಮದುರ್ಗ ತಾಲೂಕಿನಿಂದ ಬಂದಿದ್ದ ಒಬ್ಬ ರೈತರನ್ನು ಬೆಳಗಾವಿಗೆ ಕಳುಹಿಸಲು ಡಾಕ್ಟರು ಬರೆದರು. ಖರ್ಚಿನ ಹೆದರಿಕೆಯಿಂದ ಅವರು ನೇರ ಮನೆಗೆ ಹೊರಟಿದ್ದರು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ರೇಷನ್ ಕಾರ್ಡು ಮತ್ತು ಈ ಶಿಫಾರಸು ಚೀಟಿ ಜೊತೆಗಿರಲಿ ಎಂದು ಕುಳಿತು ವಿವರಿಸಿದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, “ಯವ್ವಾ, ನೀ ಓದಿ ಹೇಳಿದಿ ನೋಡು, ಅರ್ಧಾ ಬ್ಯಾನಿ ಇಲ್ಲೇ ಹೋತು” ಎಂದರು. ಅಂದು ಮನೆಗೆ ಹೋಗುವಾಗ ನನ್ನ ಮನಸ್ಸು ತುಂಬಿತ್ತು. ಈಗ ನೋಡಿದರೆ, ಅದರಲ್ಲಿ ಕೃತಜ್ಞತೆಯ ಜೊತೆಗೆ ಸ್ವಲ್ಪ ಗರ್ವವೂ ಬೆರೆತಿತ್ತು.

ಆ ದಿನಗಳಲ್ಲಿ ನಾನು ರುಫೈದಾ ಅಲ್ ಅಸ್ಲಮಿಯ್ಯಾ(ರ) ಅವರ ಬಗ್ಗೆ ಓದುತ್ತಿದ್ದೆ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಅವರನ್ನು ಮದೀನಾದ ಮಸೀದಿಯಲ್ಲಿದ್ದ ರುಫೈದಾರ ಡೇರೆಯಲ್ಲಿ ಇರಿಸಲಾಯಿತು. ಪ್ರವಾದಿ(ಸ)ರು ಹತ್ತಿರದಿಂದ ಅವರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮಸೀದಿಯ ಅಂಗಳದಲ್ಲೇ ಒಂದು ಶುಶ್ರೂಷೆಯ ಡೇರೆ, ಅದರ ಉಸ್ತುವಾರಿ ಒಬ್ಬ ಮಹಿಳೆಯದು! ನಾನೂ ಅದೇ ದಾರಿಯಲ್ಲಿದ್ದೇನೆ ಎಂದು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಗಾಯಕ್ಕೆ ಪಟ್ಟಿ ಕಟ್ಟುವುದಷ್ಟೇ ಶುಶ್ರೂಷೆಯಲ್ಲ ಎಂಬುದು ನನಗೆ ಇನ್ನೂ ತಿಳಿದಿರಲಿಲ್ಲ.

ಮೂರನೆಯ ವಾರದಲ್ಲಿ ಒಬ್ಬ ಹುಡುಗಿ ಬಂದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು, ನಮ್ಮ ಪಕ್ಕದ ಓಣಿಯವಳು. ದುಪಟ್ಟಾವನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಮಡಚಿದ ಚೀಟಿಯನ್ನು ನನ್ನ ಕೈಗಿಟ್ಟಳು. ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ್ದರು. ಕ್ಷಯ, ಅಂದರೆ ಟಿಬಿ ಎಂದು ತಿಳಿದುಬಂದಿತ್ತು. ಔಷಧಿ ಆರಂಭಿಸಿ ಕೆಲವೇ ದಿನಗಳಾಗಿದ್ದವು. ಆಕೆಗೆ ಕೇಳಬೇಕಿದ್ದದ್ದು ಒಂದೇ ಪ್ರಶ್ನೆ, ಅದನ್ನು ಪುರುಷ ಡಾಕ್ಟರ ಮುಂದೆ ಕೇಳಲು ನಾಚಿಕೆ: “ಆಪಾ, ಮೂತ್ರ ಕೆಂಪಾಗಿ ಹೋಗುತ್ತಿದೆ. ನಾನು ಸಾಯುತ್ತೇನೆಯೇ?”

ನಾನು ಸಿಸ್ಟರ್ ಅವರನ್ನು ಕೇಳಿ ಬಂದು ಹೇಳಿದೆ. ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರಕ್ಕೆ ಕಿತ್ತಳೆ-ಕೆಂಪು ಬಣ್ಣ ಬರುತ್ತದೆ, ಅದು ರಕ್ತವಲ್ಲ, ಭಯ ಬೇಡ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು, ಒಟ್ಟು ಆರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದರೆ ಗುಣವಾಗುತ್ತದೆ. ನಡುವೆ ಬಿಟ್ಟರೆ ಮಾತ್ರ ರೋಗಾಣುಗಳು ಔಷಧಿಗೆ ಜಗ್ಗದಂತಾಗುತ್ತವೆ. ಆಕೆಯ ಮುಖದಲ್ಲಿ ಮೊದಲ ಬಾರಿಗೆ ನಿರಾಳತೆ ಕಂಡಿತು. ಹೊರಡುವಾಗ ಮತ್ತೆ ಸುತ್ತಲೂ ನೋಡಿ, “ಆಪಾ, ಓಣಿಯಲ್ಲಿ ಯಾರಿಗೂ...” ಎಂದಳು. ಮಾತು ಮುಗಿಸಲಿಲ್ಲ. “ಇಲ್ಲ, ಇಲ್ಲ” ಎಂದೆ.

ಮಾರ್ಚ್ ಎರಡರಿಂದ ರಮಝಾನ್ ಆರಂಭವಾಯಿತು. ಒಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಹೆಂಗಸರು ಸೇರಿ ಇಫ್ತಾರಿಗೆ ಹಣ್ಣು ಹೆಚ್ಚುತ್ತಿದ್ದರು. ಒಬ್ಬ ಖಾಲಾ ಆ ಹುಡುಗಿಯ ಮಾತು ತೆಗೆದರು. ಹಾಡುಹಗಲೇ ಮನೆಯ ಹಿತ್ತಿಲಲ್ಲಿ ನೀರು ಕುಡಿಯುತ್ತಿದ್ದಳಂತೆ, ಮಾಳಿಗೆಯ ಮೇಲಿನಿಂದ ತಾವೇ ಕಣ್ಣಾರೆ ಕಂಡರಂತೆ. ಈಗಿನ ಹುಡುಗಿಯರಿಗೆ ಅಲ್ಲಾಹನ ಭಯವೇ ಇಲ್ಲ ಎಂದು ಮತ್ತೊಬ್ಬರು ದನಿಗೂಡಿಸಿದರು. ನನಗೆ ತಡೆಯಲಾಗಲಿಲ್ಲ. “ಹಾಗನ್ನಬೇಡಿ, ಆಕೆಗೆ ಆರೋಗ್ಯವಿಲ್ಲ” ಎಂದೆ. “ಏನಾಗಿದೆ?” ಎಂದು ಅಮ್ಮಿ ಕೇಳಿದರು. ಅಲ್ಲಿಯೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. “ಟಿಬಿ. ಪಾಪ, ದುಆ ಮಾಡಿ” ಎಂದುಬಿಟ್ಟೆ.

ಪಡಸಾಲೆ ಒಂದು ಕ್ಷಣ ಮೌನವಾಯಿತು. ನಾನು ಒಬ್ಬಳ ಮಾನ ಉಳಿಸಿದೆ ಎಂದುಕೊಂಡೆ.

ಹತ್ತು ದಿನಗಳೊಳಗೆ ಓಣಿಯೇ ಬದಲಾಯಿತು. ಆಕೆಯ ಮನೆಗೆ ಅರಬಿ ಓದಲು ಬರುತ್ತಿದ್ದ ಮಕ್ಕಳನ್ನು ತಾಯಂದಿರು ನಿಲ್ಲಿಸಿದರು. ಆ ಮನೆಯಿಂದ ಬಂದ ಇಫ್ತಾರ್ ತಟ್ಟೆ ಮುಟ್ಟದೆ ಹಿಂದಿರುಗಿತು. ಮಾತುಕತೆಯಲ್ಲಿದ್ದ ಒಂದು ಸಂಬಂಧದವರು ‘ಈದ್ ಕಳೆಯಲಿ’ ಎಂದು ಹೇಳಿ ಮತ್ತೆ ಸುಳಿಯಲಿಲ್ಲ. ಎಲ್ಲಕ್ಕಿಂತ ನೋವಿನ ಸಂಗತಿ, ಆಕೆಯ ಮನೆಯವರೇ ಹೆದರಿ ಆಕೆಯ ಲೋಟ-ತಟ್ಟೆಗಳನ್ನು ಬೇರೆ ಮಾಡಿ ಹಿತ್ತಿಲ ಕಟ್ಟೆಯ ಮೇಲಿಟ್ಟರು. ವಾಸ್ತವದಲ್ಲಿ ಗಾಳಿಯ ಮೂಲಕ ಹರಡುವುದು ಶ್ವಾಸಕೋಶದ ಕ್ಷಯ. ಅದೂ ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲಿ ಹರಡುವ ಶಕ್ತಿ ಕಳೆದುಕೊಳ್ಳುತ್ತದೆ. ಕುತ್ತಿಗೆಯ ಗಂಟಿಗಷ್ಟೇ ಸೀಮಿತವಾದ ಕ್ಷಯ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಲೋಟ-ತಟ್ಟೆಗಳಿಂದಂತೂ ಯಾವ ಬಗೆಯ ಕ್ಷಯವೂ ಹರಡುವುದಿಲ್ಲ. ನಾನು ರೋಗದ ಹೆಸರು ಹೇಳಿದ್ದೆ, ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ಹೆಸರು ಓಡುವಷ್ಟು ವೇಗವಾಗಿ ವಿವರಣೆ ಓಡುವುದಿಲ್ಲ.

ಮಾರ್ಚ್ 24ರಂದು ಆಸ್ಪತ್ರೆಯಲ್ಲಿ ವಿಶ್ವ ಕ್ಷಯರೋಗ ದಿನದ ಭಿತ್ತಿಪತ್ರಗಳನ್ನು ಅಂಟಿಸುತ್ತಿದ್ದೆವು. 1882ರಲ್ಲಿ ಅದೇ ದಿನ ರಾಬರ್ಟ್ ಕಾಖ್ ಈ ರೋಗದ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು. ಭಿತ್ತಿಪತ್ರದ ಅಂಚು ಒತ್ತುತ್ತಿರುವಾಗ ಸಿಸ್ಟರ್ ಬಂದು, “ಆ ಹುಡುಗಿ ಗುಳಿಗಿ ಒಯ್ಯಾಕ ಬಂದೇ ಇಲ್ಲ ನೋಡ್ರಿ. ನಿಮ್ಮ ಓಣಿ ಕಡಿಯಾಕಿ ಅಲ್ಲೇನು? ಯಾಕಂತ ಏನರ ಗೊತ್ತೈತೇನು?” ಎಂದರು.

ನನಗೆ ಗೊತ್ತಿತ್ತು. ಗೋಡೆಯ ಕಡೆ ಮುಖ ಮಾಡಿ ನಿಂತೆ.

ಅಂದು ರಾತ್ರಿ ತರಾವೀಹ್ ಬಳಿಕ ಅಲ್ ಹುಜುರಾತ್ ಅಧ್ಯಾಯವನ್ನು ತೆರೆದು ಕುಳಿತೆ. ಅದರ ಹನ್ನೆರಡನೆಯ ಸೂಕ್ತವನ್ನು ಚಿಕ್ಕಂದಿನಿಂದ ಓದಿದ್ದೇನೆ. ಗುಮಾನಿ, ಗೂಢಚರ್ಯೆ, ಪರದೂಷಣೆ ಈ ಮೂರನ್ನೂ ಅಲ್ಲಾಹನು ಒಂದೇ ಸೂಕ್ತದಲ್ಲಿ ಒಂದರ ಹಿಂದೊಂದಾಗಿ ನಿಷೇಧಿಸಿದ್ದಾನೆ; ಪರದೂಷಣೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದ್ದಾನೆ. ಆ ಮೂರು ಮೆಟ್ಟಿಲುಗಳನ್ನೂ ನಾವು ಒಂದೇ ಸಂಜೆ, ಉಪವಾಸದ ಬಾಯಲ್ಲಿ ಇಳಿದಿದ್ದೆವು. ಮಾಳಿಗೆಯಿಂದ ಇಣುಕಿದ್ದು ಒಬ್ಬರು, ಕೆಟ್ಟದ್ದನ್ನು ಊಹಿಸಿದ್ದು ಇನ್ನೊಬ್ಬರು, ಕೊನೆಯ ಮೆಟ್ಟಿಲು ನನ್ನದು.

ನನ್ನ ಮನಸ್ಸು ವಾದ ಹೂಡಿತು: ನಾನು ಆಕೆಯ ದೋಷವನ್ನು ಹೇಳಲಿಲ್ಲವಲ್ಲ, ರೋಗವನ್ನಷ್ಟೇ ಹೇಳಿದೆ, ಸುಳ್ಳನ್ನೂ ಹೇಳಲಿಲ್ಲ. ಆದರೆ ಪ್ರವಾದಿ(ಸ)ರು ಪರದೂಷಣೆಯನ್ನು ವಿವರಿಸುವಾಗ, ಸಹೋದರನು ಇಷ್ಟಪಡದ ಮಾತನ್ನು ಅವನ ಬೆನ್ನ ಹಿಂದೆ ಹೇಳುವುದೇ ಪರದೂಷಣೆ ಎಂದಿದ್ದಾರೆ. ಅದು ನಿಜವಾಗಿದ್ದರೆ ಪರದೂಷಣೆ, ಸುಳ್ಳಾಗಿದ್ದರೆ ಮಿಥ್ಯಾರೋಪ. ನಿಜವೆಂಬ ಕಾರಣ ನನ್ನನ್ನು ಪಾರು ಮಾಡುವುದಿಲ್ಲ.

ಇನ್ನೊಂದು ಹದೀಸ್ ನನ್ನನ್ನು ಇನ್ನಷ್ಟು ಕುಗ್ಗಿಸಿತು. ಒಬ್ಬನು ಮಾತು ಹೇಳಿ ಸುತ್ತಲೂ ತಿರುಗಿ ನೋಡಿದರೆ ಆ ಮಾತು ಅಮಾನತು ಎಂಬ ಅರ್ಥದ ವಚನವನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ‘ಗುಟ್ಟಾಗಿರಲಿ’ ಎಂದು ಬಾಯಿಬಿಟ್ಟು ಹೇಳಬೇಕೆಂದೇ ಇಲ್ಲ, ಆ ಒಂದು ನೋಟವೇ ಸಾಕು. ಆಕೆ ಎಡಕ್ಕೂ ಬಲಕ್ಕೂ ನೋಡಿದ್ದು ನನ್ನ ಕಣ್ಣ ಮುಂದೆ ಬಂತು.

ಅನಸ್(ರ) ಬಾಲಕರಾಗಿದ್ದಾಗ ಪ್ರವಾದಿ(ಸ)ರು ಅವರನ್ನು ಒಂದು ಕೆಲಸಕ್ಕೆ ಕಳುಹಿಸಿದ್ದರು. ತಡವಾಗಿ ಮನೆಗೆ ಬಂದಾಗ ತಾಯಿ ಉಮ್ಮು ಸುಲೈಮ್(ರ) ಕಾರಣ ಕೇಳಿದರು. ಅದೊಂದು ಗುಟ್ಟು ಎಂದರು ಬಾಲಕ. ತಾಯಿ ಒತ್ತಾಯಿಸಲಿಲ್ಲ, ಪ್ರವಾದಿಯವರ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಮಗನನ್ನೇ ಎಚ್ಚರಿಸಿದರು. ಆ ಘಟನೆಯನ್ನು ಮುಂದೆ ತಮ್ಮ ಶಿಷ್ಯರಿಗೆ ವಿವರಿಸುವಾಗಲೂ ಅನಸ್(ರ) ಆ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಆ ಬಾಲಕನಿಗಿದ್ದ ಗಾಂಭೀರ್ಯ ಪದವಿ ಓದುವ ನನಗಿರಲಿಲ್ಲ.

ಮರುದಿನ ಅಮ್ಮಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಕೇಳಿದವಳು ನಾನು. ನನ್ನ ಪಾಲೂ ಇದೆ. ನಡೆ, ಇಬ್ಬರೂ ಹೋಗೋಣ” ಎಂದರು.

ಇಫ್ತಾರ್ ಮುಗಿಸಿ ಹೋದೆವು. ಆಕೆ ಬಾಗಿಲಲ್ಲೇ ನಿಂತಳು. ಯಾರು ಹೇಳಿದ್ದು ಎಂಬುದು ಆಕೆಗೆ ಆಗಲೇ ತಿಳಿದಿತ್ತು. ನಾನು ಕ್ಷಮೆ ಕೇಳಿದೆ. ಆಕೆ ಅಳಲಿಲ್ಲ, ಬೈಯಲಿಲ್ಲ. “ಆಪಾ, ನಾನು ನಿಮ್ಮನ್ನು ಕ್ಷಮಿಸಿದರೆ ನನ್ನ ಲೋಟ ಹಿತ್ತಿಲಿನಿಂದ ಒಳಗೆ ಬರುತ್ತದೆಯೇ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಮ್ಮಿ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು, “ಬೇಟಾ, ಬಾಯಾರಿದೆ. ನಿನ್ನ ಲೋಟದಲ್ಲಿ ನೀರು ಕೊಡು” ಎಂದರು. ಆಕೆಯ ತಾಯಿ ಬೇರೆ ಲೋಟ ತರಲು ಎದ್ದರು. ಅಮ್ಮಿ ಕೈ ಹಿಡಿದು ಕೂರಿಸಿದರು. ಹಿತ್ತಿಲಿನಿಂದ ಆ ಸ್ಟೀಲ್ ಲೋಟ ಬಂತು. ಅಮ್ಮಿ ಬಿಸ್ಮಿಲ್ಲಾಹ್ ಹೇಳಿ ಮೂರು ಗುಟುಕಿನಲ್ಲಿ ಕುಡಿದು, ಲೋಟವನ್ನು ಉಳಿದ ಲೋಟಗಳ ಸಾಲಿನಲ್ಲಿ ತಾವೇ ಇಟ್ಟರು. ಆಮೇಲೆ ನಾನು ತಂದಿದ್ದ ಆಸ್ಪತ್ರೆಯ ಮಾಹಿತಿ ಪತ್ರವನ್ನು ಮನೆಯವರಿಗೆ ಓದಿ ಹೇಳಿದೆ.

ಎರಡು ದಿನಗಳ ನಂತರ ಆಶಾ ಕಾರ್ಯಕರ್ತೆಯ ಜೊತೆ ಆಕೆ ಆಸ್ಪತ್ರೆಗೆ ಬಂದಳು. ಒಂಬತ್ತು ದಿನಗಳ ಔಷಧಿ ತಪ್ಪಿತ್ತು. ಡಾಕ್ಟರು ಪರೀಕ್ಷಿಸಿ ಮತ್ತೆ ಮುಂದುವರಿಸಿದರು. ಇಂದು ಆಕೆ ಚಿಕಿತ್ಸೆ ಪೂರ್ಣಗೊಳಿಸಿ ಗುಣವಾಗಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ತಪ್ಪಿದ ಉಪವಾಸಗಳನ್ನು ಒಂದೊಂದಾಗಿ ತೀರಿಸುತ್ತಿದ್ದಾಳೆ. ಆದರೆ ಹೋದ ಸಂಬಂಧ ಹಿಂದಿರುಗಿಲ್ಲ. ಅರಬಿ ಓದಲು ಬರುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮಾತ್ರ ಮರಳಿದ್ದಾರೆ. ನನ್ನ ತೌಬಾ ಸ್ವೀಕೃತವಾಗಲೆಂದು ಬೇಡುತ್ತೇನೆ, ಆದರೆ ನನ್ನ ಮಾತು ಮಾಡಿದ ಗಾಯದ ಕಲೆ ಆಕೆಯ ಬದುಕಿನಲ್ಲಿ ಉಳಿದಿದೆ.

ಈ ಬರಹವನ್ನು ಮೊದಲು ಆಕೆಗೇ ಓದಿ ಹೇಳಿದ್ದೇನೆ. ಎರಡು ವಾಕ್ಯಗಳನ್ನು ಆಕೆ ಬೇಡವೆಂದಳು, ಅವು ಇಲ್ಲಿಲ್ಲ. ಉಳಿದದ್ದನ್ನು ಬರೆಯಲು ಅನುಮತಿ ಕೊಟ್ಟಳು.

ಓದುಗ ಸಹೋದರ ಸಹೋದರಿಯರೇ, ರಮಝಾನಿನಲ್ಲಿ ಹಗಲು ನೀರು ಕುಡಿಯುವ ಒಬ್ಬರನ್ನು ಕಂಡರೆ ಕಾರಣ ಹುಡುಕುವ ಹೊಣೆ ನಮ್ಮದಲ್ಲ. ರೋಗಿಗೂ ಪ್ರಯಾಣಿಕನಿಗೂ ಅಲ್ಲಾಹನೇ ವಿನಾಯಿತಿ ಕೊಟ್ಟಿದ್ದಾನೆ. ‘ಏನೋ ಕಾರಣವಿರಬಹುದು’ ಎಂಬ ಒಂದು ಸದ್ಭಾವನೆಯ ಮಾತು ಅಂದು ನಮ್ಮ ಪಡಸಾಲೆಯಲ್ಲಿ ಸಾಕಾಗುತ್ತಿತ್ತು. ರೋಗಿಗಾಗಿ ದುಆ ಕೇಳುವಾಗ ರೋಗದ ಹೆಸರು ಬೇಕಿಲ್ಲ. ಅಲ್ಲಾಹನಿಗೆ ಅದು ತಿಳಿದಿದೆ. ನಿಜವಾಗಿ ನೆರವಾಗಬೇಕೆಂದಿದ್ದರೆ ದಾರಿಗಳಿವೆ. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ರೂಪಾಯಿ. ಆ ಹಣ ಖಾತೆಗೆ ಬರುತ್ತಿದೆಯೇ ಎಂದು ವಿಚಾರಿಸಲು ಬಡ ರೋಗಿಯ ಜೊತೆ ಹೋಗಬಹುದು. ರೋಗಿಯ ಒಪ್ಪಿಗೆಯಿದ್ದರೆ ‘ನಿಕ್ಷಯ್ ಮಿತ್ರ’ರಾಗಿ ಆಹಾರದ ಕಿಟ್ ಒದಗಿಸಬಹುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಲು ಕಲಿಸಿದ ಧರ್ಮ ನಮ್ಮದು.

ಮತ್ತೊಬ್ಬರ ಕೊರತೆಯನ್ನು ಮುಚ್ಚಿಡುವವನ ಕೊರತೆಯನ್ನು ಅಲ್ಲಾಹನು ಪರಲೋಕದಲ್ಲಿ ಮುಚ್ಚಿಡುವನೆಂದು ಪ್ರವಾದಿ(ಸ)ರು ಶುಭವಾರ್ತೆ ನೀಡಿದ್ದಾರೆ. ಆ ಮುಚ್ಚುಗೆಯ ಅಗತ್ಯ ನಮ್ಮಲ್ಲಿ ಯಾರಿಗಿಲ್ಲ? ರೋಗಿಗಳಿಗೆ ಅಲ್ಲಾಹನು ಶಿಫಾ ದಯಪಾಲಿಸಲಿ. ನಮ್ಮ ನಾಲಿಗೆಗಳನ್ನು ಅಮಾನತಿನ ಕಾವಲುಗಾರರನ್ನಾಗಿ ಮಾಡಲಿ. ಆಮೀನ್.