ಏಳುನೂರು ರೂಪಾಯಿ ಹುಡುಗ

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಸೋಮಾರಿತನ... ಯಾವ ನೆಪ ಬೇಕೋ ಆರಿಸಿಕೊಳ್ಳಿ. ಇವತ್ತು ಬರೀತಿರೋದು ಒಂದು ಎಕ್ಸೆಲ್ ಶೀಟಿನ ಕಥೆ. ಲೆಕ್ಕ ಅಂದ್ರೆ ಆಗದವರು ಮಧ್ಯದ ಎರಡು ಪ್ಯಾರಾ ಹಾರಿಸಿ ಓದಬಹುದು, ಬೇಜಾರಿಲ್ಲ.

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. ಚಿಕ್ಕಬಳ್ಳಾಪುರದಲ್ಲಿ ಅವನದೊಂದು ಸಣ್ಣ ಬಿಸಿನೆಸ್ ಇದೆ. ಕಿಟಕಿ ಗಾಜು ಒರೆಸೋದು. ನಗಬೇಡಿ, ಮೊದಲು ನಾನೂ ನಕ್ಕಿದ್ದೆ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಎದ್ದ ಕಟ್ಟಡಗಳನ್ನ ನೋಡಿದೀರಲ್ಲ, ಶೋರೂಮು, ಆಸ್ಪತ್ರೆ, ಛತ್ರ, ಎಲ್ಲಕ್ಕೂ ಮುಂದೆ ಗಾಜೇ. ಆ ಗಾಜನ್ನ ನಮ್ಮ ಬೋರ್‌ವೆಲ್ ನೀರಲ್ಲಿ ತೊಳೆದರೆ ಕೆಟ್ಟಿತು. ಗಡಸು ನೀರು, ಒಣಗಿದ ಮೇಲೆ ಸುಣ್ಣದ ಚುಕ್ಕೆ ಹಾಗೇ ಉಳಿಯುತ್ತೆ. ಇವನು ಕ್ಯಾನಿನಲ್ಲಿ ಫಿಲ್ಟರ್ ನೀರು ತಗೊಂಡು, ಉದ್ದ ಕೋಲು, ರಬ್ಬರ್ ವೈಪರ್ ಬೈಕಿಗೆ ಕಟ್ಟಿಕೊಂಡು ಹೋಗ್ತಾನೆ. ಚಿಕ್ಕಬಳ್ಳಾಪುರದಲ್ಲಿ ಶೋರೂಮುಗಳು, ಶಿಡ್ಲಘಟ್ಟದಲ್ಲಿ ಒಂದು ಸ್ಕೂಲು, ಚಿಂತಾಮಣಿಯಲ್ಲಿ ಒಂದು ಕ್ಲಿನಿಕ್ಕು, ಗೌರಿಬಿದನೂರಲ್ಲಿ ಒಂದು ಕಲ್ಯಾಣ ಮಂಟಪ. ಒಬ್ಬನೇ ಮಾಲೀಕ, ಅವನೇ ಕೆಲಸಗಾರ.

"ಅಣ್ಣ, ಇಬ್ಬರು ಹುಡುಗರನ್ನ ಇಟ್ಕೊಳ್ತೀನಿ. ದಿನಕ್ಕೆ ಏಳುನೂರು ಕೇಳ್ತಿದಾರೆ. ನಾನು ಗಿರಾಕಿಗೆ ಒಬ್ಬ ಆಳಿಗೆ ಸಾವಿರದಂತೆ ಹಾಕ್ತೀನಿ. ತಲೆಗೆ ಮುನ್ನೂರು ಉಳಿಯುತ್ತೆ. ಸರೀನಾ ನೋಡು, ನೀನು ಎಕ್ಸೆಲ್ ಎಕ್ಸ್‌ಪರ್ಟು."

ಎಕ್ಸೆಲ್ ಎಕ್ಸ್‌ಪರ್ಟು! ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದಕ್ಕೆ ಮನೆಯವರು ಕೊಟ್ಟಿರೋ ಬಿರುದು ಇದೊಂದೇ. ಆದರೂ ಕೂತೆ. ನಮ್ಮ ಫೀಲ್ಡಲ್ಲಿ ಇರೋರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಆಫರ್ ಲೆಟರಿನ ಸಿಟಿಸಿ ಬೇರೆ, ಕೈಗೆ ಬರೋ ಸಂಬಳ ಬೇರೆ. ಮಧ್ಯದ ದುಡ್ಡು ಎಲ್ಲಿ ಹೋಯ್ತು ಅಂತ ಪ್ರತೀ ತಿಂಗಳೂ ಬೈಕೊಳ್ತೀವಿ. ಅದನ್ನ ಕೊಡೋನ ಕಡೆಯಿಂದ ಯಾವತ್ತೂ ನೋಡಿರಲಿಲ್ಲ.

ಏಳುನೂರು ಅಂದರೆ ತಿಂಗಳ 26 ದಿನಕ್ಕೆ 18,200. ವರ್ಷಕ್ಕೆ 2,18,400. ಹಬ್ಬಕ್ಕೆ ಒಂದು ತಿಂಗಳ ಸಂಬಳ ಬೋನಸ್ಸು, 18,200. ಬೆಲ್ಟು, ಹೆಲ್ಮೆಟ್ಟು, ಜಾರದ ಶೂ, ಗ್ಲೌಸು 7,000. ಅವನ ಪಾಲಿನ ಕೋಲು, ರಬ್ಬರು, ಬಟ್ಟೆ 6,000. ಅಪಘಾತದ ಇನ್ಶೂರೆನ್ಸಿಗೆ 5,000 ಅಂತ ಇಟ್ಟೆ. ಕೆಲಸ ಕಲಿಯೋ ಮೊದಲ ತಿಂಗಳು ಅರ್ಧ ಕೆಲಸ, ಪೂರ್ತಿ ಸಂಬಳ, ಅದಕ್ಕೆ 8,000. ಶಿಡ್ಲಘಟ್ಟ ಹತ್ತಿರ, ಆದರೆ ಚಿಂತಾಮಣಿ ಒಂದು ದಿಕ್ಕು, ಮಂಚೇನಹಳ್ಳಿ ಮೇಲೆ ಗೌರಿಬಿದನೂರು ಇನ್ನೊಂದು ದಿಕ್ಕು. ದಿನಕ್ಕೆ ಪೆಟ್ರೋಲು ನೂರು, ಟೀ ತಿಂಡಿ ಐವತ್ತು.

ಈಗ ದಿನಗಳ ಲೆಕ್ಕ. ಸಂಬಳ ಕೊಡೋದು ವರ್ಷಕ್ಕೆ 312 ದಿನಕ್ಕೆ. ಅದರಲ್ಲಿ ಹಬ್ಬ 10, ರಜೆ 12, ಮಳೆ ಮತ್ತು "ಇವತ್ತು ಬೇಡಪ್ಪ, ನಾಳೆ ಬಾ" ಅನ್ನೋ ಗಿರಾಕಿಗಳದ್ದು 50. ಉಳಿದಿದ್ದು 240. ನಮ್ಮಲ್ಲಿ ಪ್ರಾಜೆಕ್ಟ್ ಇಲ್ಲದಿದ್ದರೆ ಬೆಂಚು ಅಂತೀವಲ್ಲ, ಅವರಿಗೆ ಮಳೆಯೇ ಬೆಂಚು. ಆ 240 ದಿನದ ಪೆಟ್ರೋಲು 24,000, ತಿಂಡಿ 12,000. ಎಲ್ಲಾ ಕೂಡಿಸಿದರೆ 2,98,600. ಭಾಗಿಸಿದರೆ ದಿನಕ್ಕೆ 1,244 ರೂಪಾಯಿ!

ಸಾವಿರ ತಗೊಂಡರೆ ತಲೆಗೆ ಮುನ್ನೂರು ಉಳಿಯೋದಿರಲಿ, ಇನ್ನೂರ ನಲವತ್ನಾಲ್ಕು ಕೈಯಿಂದ ಹೋಗುತ್ತೆ.

ಶೀಟ್ ನೋಡಿ ತಮ್ಮ ಮೊದಲು ಅಳಿಸಿದ್ದು ಇನ್ಶೂರೆನ್ಸ್ ಸಾಲನ್ನ. ಆಮೇಲೆ ಬೆಲ್ಟು. ಆಮೇಲೆ ಮಳೆ ದಿನದ ಸಂಬಳ. "ಅಣ್ಣ, ಇಎಸ್‌ಐ ಹತ್ತು ಜನ ಇದ್ರೆ, ಪಿಎಫ್ ಇಪ್ಪತ್ತು ಜನ ಇದ್ರೆ ಕಡ್ಡಾಯವಂತೆ. ನಮ್ಮದು ಇಬ್ಬರೇ. ಆ ಇಪ್ಪತ್ತು ರೂಪಾಯಿ ಸುರಕ್ಷಾ ಬಿಮಾ ಮಾಡ್ಸಿದ್ರೆ ಸಾಕು."

ಅವನು ಹೇಳಿದ್ದು ಸುಳ್ಳಲ್ಲ. ಸುರಕ್ಷಾ ಬಿಮಾ ಒಳ್ಳೇದೇ, ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದವರೆಗೆ. ಆದರೆ ಅದು ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗ ಊನ ಆದರೆ. ಕಾಲು ಮುರಿದು ಎರಡು ತಿಂಗಳು ಮಲಗಿದರೆ ಏನೂ ಬರಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೋದ ಮಳೆಗಾಲದಲ್ಲಿ ಚಿಂತಾಮಣಿಯಲ್ಲಿ ಏಣಿ ಜಾರಿ, ಸಜ್ಜಾ ಹಿಡಿದು ನೇತಾಡಿ, ಕೆಳಗೆ ಬಿದ್ದು ಪಾದ ತಿರುಚಿಕೊಂಡು ಮೂರು ವಾರ ಮನೇಲಿದ್ದವನು ಇವನೇ. ಆಗ ಚಿಕ್ಕಮ್ಮನ ಬಳೆ ಅಡವಿಟ್ಟಿದ್ದು ಮನೆಯವರಿಗೆಲ್ಲ ಗೊತ್ತು.

ಜಗಳ ಆಗಲಿಲ್ಲ, ಆದರೆ ಮಾತು ನಿಂತಿತು. ಭಾನುವಾರ ಇಬ್ಬರೂ ಶಿಡ್ಲಘಟ್ಟಕ್ಕೆ ದೊಡ್ಡಪ್ಪನ ಮನೆಗೆ ಹೋದ್ವಿ.

ದೊಡ್ಡಪ್ಪ ನೂಲು ಬಿಚ್ಚುವ ಘಟಕ ಇಟ್ಟಿದ್ದವರು. ಶಿಡ್ಲಘಟ್ಟ ಗೊತ್ತಲ್ಲ, ರೇಷ್ಮೆ ಗೂಡಿನ ದೊಡ್ಡ ಮಾರ್ಕೆಟ್ ಇರೋ ಊರು. ಚಿಕ್ಕವರಿದ್ದಾಗ ಬೇಸಿಗೆ ರಜೆಯೆಲ್ಲ ಅಲ್ಲೇ. ಕುದಿಯೋ ನೀರು, ಬೆಂದ ಹುಳದ ವಾಸನೆ, ದಿನವಿಡೀ ಬಿಸಿ ನೀರಲ್ಲಿ ಗೂಡಿನ ಎಳೆ ಹುಡುಕಿ ಬೆಳ್ಳಗೆ ಸುಕ್ಕಾದ ಬೆರಳುಗಳು. ಆಳು ಸಿಗಲ್ಲ ಅಂತ ದೊಡ್ಡಪ್ಪ ಆಮೇಲೆ ಮುಚ್ಚಿಬಿಟ್ಟರು.

ಲ್ಯಾಪ್‌ಟಾಪಿನಲ್ಲಿ ಶೀಟ್ ತೋರಿಸಿದೆ. ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು. "ಅಡ್ವಾನ್ಸ್ ಎಲ್ಲಪ್ಪಾ ಇದರಲ್ಲಿ?" ಅಂದರು.

ಅವರ ಕಾಲದಲ್ಲಿ ಕೆಲಸಕ್ಕೆ ಸೇರೋದು ಅಂದರೆ ಮೊದಲು ಅಡ್ವಾನ್ಸ್. ಮದುವೆಗೆ, ಹೆರಿಗೆಗೆ, ಮನೆ ಸೂರಿಗೆ. ತೀರೋವರೆಗೂ ಬೇರೆ ಕಡೆ ಹೋಗೋ ಹಾಗಿಲ್ಲ. ಜೀತ ನಿಷೇಧದ ಕಾಯ್ದೆ ಬಂದಿದ್ದು 1976ರಲ್ಲಿ. ಅಡ್ವಾನ್ಸನ್ನ ಜೀತ ಅಂತ ಯಾರೂ ಕರೀತಿರಲಿಲ್ಲ, ಅಷ್ಟೇ.

ಒಳಗೆ ಹೋಗಿ ಒಂದು ಉದ್ದನೆ ಲೆಕ್ಕದ ಪುಸ್ತಕ ತಂದರು. ಆಳಿಗೊಂದು ಪುಟ. ಒಂದು ಪುಟದಲ್ಲಿ ನಮಗೆ ಗೊತ್ತಿದ್ದ ಅಕ್ಕನ ಹೆಸರಿತ್ತು. ರಜೆಯಲ್ಲಿ ನಮಗೆ ಹುರಿಗಡಲೆ ಕೊಡ್ತಿದ್ದವಳು. 2006ರಲ್ಲಿ ಒಂದು ಸಾಲು: ಕೈ ಸುಟ್ಟಿದ್ದು, ಆಸ್ಪತ್ರೆ, 340. ಅದರ ಕೆಳಗೆ: ಎಂಟು ದಿನ ಇಲ್ಲ. ಎರಡೂ ಅವಳ ಅಡ್ವಾನ್ಸಿಗೆ ಸೇರಿಸಿದ್ದರು.

ಅಂದರೆ ನಮ್ಮ ಬೇಸಿನ್ನಿನ ಕುದಿಯೋ ನೀರಲ್ಲಿ ಅವಳ ಕೈ ಸುಟ್ಟಿತು. ಸಾಲ ಅವಳ ಮೇಲೆ ಏರಿತು.

"ಆಗ ಎಲ್ಲರೂ ಹಾಗೇ ಬರೀತಿದ್ರು ಕಣಪ್ಪಾ," ಅಂದರು ದೊಡ್ಡಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಖರ್ಚು ಅನ್ನೋದು ಬಿಟ್ರೆ ಬಿಡಲ್ಲ. ನಿನ್ನ ಪುಸ್ತಕದಲ್ಲಿ ಬರೀಲಿಲ್ಲ ಅಂದ್ರೆ ಅವನ ಪುಸ್ತಕದಲ್ಲಿ ಬರೀತೀಯ, ಅಷ್ಟೇ," ಅಂದರು. ತಮ್ಮ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ ಅನ್ನಿ. ನನ್ನ ಇಂಜಿನಿಯರಿಂಗ್ ಫೀಸಲ್ಲಿ ದೊಡ್ಡಪ್ಪ ಕೊಟ್ಟ ದುಡ್ಡೂ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಇನ್ನೊಂದು ಲೆಕ್ಕ ಹಾಕಿದೆ. ಕೆಲಸದಲ್ಲಿ ಆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕು ಅಂತ 1923ರಿಂದಲೇ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹಳೇ ಕಾಯ್ದೆಯಲ್ಲಿ ತಿಂಗಳ ಕೂಲಿಯನ್ನ 15,000ಕ್ಕೆ ಮಿತಿ ಮಾಡಿ, ಅದರ ಅರ್ಧವನ್ನ ವಯಸ್ಸಿನ ಅಂಶದಿಂದ ಗುಣಿಸ್ತಿದ್ದರು. ತೀರಿಕೊಂಡವನಿಗೆ 25 ವರ್ಷ ಆಗಿದ್ದರೆ ಆ ಅಂಶ 216.91. ಗುಣಿಸಿ ನೋಡಿ: 16,26,825. ತಮ್ಮ ಅಳಿಸಿದ ಐದು ಸಾವಿರದ ಸಾಲಿನ ಹಿಂದೆ ನಿಂತಿದ್ದ ಸಂಖ್ಯೆ ಇದು. ಅವನ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಕೊನೆಗೆ ಬಿದ್ದ ಹುಡುಗನ ಅಮ್ಮನೂ ಬಳೆ ಅಡವಿಡಬೇಕಾಗ್ತಿತ್ತು.

ರಾತ್ರಿ ಅವನೇ ಶೀಟ್ ತೆಗೆದು ಅಳಿಸಿದ ಸಾಲುಗಳನ್ನೆಲ್ಲ ವಾಪಸ್ ಹಾಕಿದ. ಇಬ್ಬರ ಬದಲು ಒಬ್ಬನನ್ನ ಇಟ್ಟುಕೊಂಡ. ಗಿರಾಕಿಗೆ 1,450 ಹೇಳಿದ. ನೆಲದ ಮೇಲೆ ನಿಂತು ಕೋಲಿಗೆ ಎಟುಕುವ ಗಾಜು ಮಾತ್ರ, ಏಣಿ ಹತ್ತೋ ಕೆಲಸ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ. ಗೌರಿಬಿದನೂರಿನ ಮಂಟಪದವರು "ಅಷ್ಟು ಕೊಡಕ್ಕಾಗಲ್ಲ" ಅಂತ ಬೇರೆಯವರನ್ನ ನೋಡಿಕೊಂಡರು. ಅವರನ್ನೂ ತಪ್ಪು ಅನ್ನಲ್ಲ, ಅವರಿಗೆ ಕಾಣಿಸೋದು ಎರಡು ರೇಟು ಮಾತ್ರ. ಕಮ್ಮಿ ರೇಟಿನವನು ಯಾವ ಸಾಲು ಅಳಿಸಿದ್ದಾನೆ ಅಂತ ಗಾಜಿನ ಮೇಲೆ ಬರೆದಿರಲ್ಲವಲ್ಲ.

ಎಲ್ಲಾ ಸುಖಾಂತ ಅಂತ ಬರೆಯೋ ಆಸೆ, ಆದರೆ ನಿಜ ಹೇಳ್ತೀನಿ. ಸದ್ಯಕ್ಕೆ ತಮ್ಮನಿಗೆ ಒಬ್ಬನೇ ಇದ್ದಾಗ ಉಳಿಯುತ್ತಿದ್ದದ್ದಕ್ಕಿಂತ ತಿಂಗಳಿಗೆ ಎರಡು ಸಾವಿರ ಕಮ್ಮಿ ಉಳೀತಿದೆ. ಇನ್ನೊಂದು ಶೋರೂಮ್ ಸಿಕ್ಕರೆ ಸರಿಹೋಗುತ್ತೆ ಅಂತಾನೆ. ಸಿಗುತ್ತೋ ಇಲ್ವೋ.

ಮೊನ್ನೆ ಮೊದಲ ಸಂಬಳ ಕೊಟ್ಟನಂತೆ. ಹುಡುಗ ಎರಡೆರಡು ಸಲ ಎಣಿಸಿ ಕೇಳಿದನಂತೆ: "ಅಣ್ಣ, ಮೂರು ದಿನ ಮಳೆ ಬಂದಿತ್ತಲ್ಲ, ಕಟ್ ಮಾಡೋದು ಮರೆತ್ರಾ?"

ನಿಮ್ಮಲ್ಲಿ ಯಾರಾದರೂ ಆಳು ಇಟ್ಟು ಕೆಲಸ ಮಾಡಿಸ್ತಿದ್ದರೆ, ನಿಮ್ಮ ಪುಸ್ತಕದಲ್ಲಿ ಮಳೆ ದಿನ ಯಾರ ಲೆಕ್ಕಕ್ಕೆ ಹೋಗುತ್ತೆ, ಸ್ವಲ್ಪ ಹೇಳಿ.