ನಾಲ್ಕು ಮಾತ್ರೆಯ ಜಾಗ

ಗಜಲ್ ಬರೆಯುವವರಿಗೆ ಒಂದು ಚಟ ಇರುತ್ತದೆ. ಎರಡು ಸಾಲು ಕೂಡಿಬಂದ ಕೂಡಲೇ ಯಾರಿಗಾದರೂ ಹೇಳಿಬಿಡಬೇಕು. ಕತೆಗಾರ ತನ್ನ ಹಸ್ತಪ್ರತಿಯನ್ನು ವರ್ಷಗಟ್ಟಲೆ ಟ್ರಂಕಿನಲ್ಲಿಟ್ಟು ಮಾಗಿಸಬಲ್ಲ; ಗಜಲ್‌ಕಾರನಿಗೆ ಆ ತಾಳ್ಮೆ ಇಲ್ಲ, ಇರಲೂಬಾರದು. ಶೇರ್‌ನ ಮೊದಲ ಸಾಲು ಕೇಳಿದವರು "ಹ್ಞಾಂ, ಮುಂದ?" ಎನ್ನಬೇಕು. ಎರಡನೆಯ ಸಾಲು ಮುಗಿಯುವ ಮೊದಲೇ ಅದರ ಕೊನೆಗೆ ಮತ್ತೆ ಮತ್ತೆ ಬರುವ ಪದ, ರದೀಫ್, ಅವರ ಬಾಯಿಗೆ ಬಂದಿರಬೇಕು. ಆಗ ಎಲ್ಲರೂ ಒಟ್ಟಿಗೇ ಅದನ್ನು ಹೇಳಿ ಮುಗಿಸುತ್ತಾರಲ್ಲ, ಶೇರ್ ಪೂರ್ತಿಯಾಗುವುದು ಅಲ್ಲಿಯೇ. ಒಬ್ಬನೇ ಕೂತು ಬರೆದದ್ದು ಬರೀ ಕರಡು.

ಹೀಗಾಗಿ ನಮ್ಮ ಕಡೆ ಕವಿಗಳಿಗಿಂತ ಕೂಟಗಳೇ ಹೆಚ್ಚು ಎಂದು ನಗಾಡುವವರುಂಟು. ಸಿಂಧನೂರಿನಲ್ಲಿ ಪುಸ್ತಕ ಬಿಡುಗಡೆ, ಮಸ್ಕಿಯಲ್ಲಿ ಯಾರದೋ ಮನೆಯ ಮಾಳಿಗೆ ಮೇಲೆ ಓದು, ಲಿಂಗಸೂಗೂರಿನಲ್ಲಿ ಬೈಠಕ್. ಮೂರೂ ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ಜೇವರ್ಗಿಯಿಂದ ಚಾಮರಾಜನಗರದ ತನಕ ಹೋಗುವ ಆ ರಸ್ತೆಯಲ್ಲಿ ಭತ್ತದ ಲಾರಿಗಳಷ್ಟೇ ಕವಿಗಳೂ ಓಡಾಡುತ್ತಾರೆ. ಗಜಲ್ ನಮಗೆ ದೂರದಿಂದ ತಂದು ನೆಟ್ಟ ಸಸಿಯಲ್ಲ. 1948ರ ತನಕ ನಿಜಾಮರ ಆಡಳಿತದಲ್ಲಿದ್ದ ಸೀಮೆ ಇದು. ನಮ್ಮ ಅಜ್ಜಂದಿರು ಶಾಲೆಯಲ್ಲಿ ಉರ್ದು ಓದಿ ಮನೆಯಲ್ಲಿ ತತ್ವಪದ ಹಾಡಿದವರು. 2006ರಲ್ಲಿ ಬೀದರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಾಂತರಸರು ಗಜಲ್ಲನ್ನು ಅದರ ಕಟ್ಟುಪಾಡಿನ ಸಮೇತ ಕನ್ನಡಕ್ಕೆ ಪಳಗಿಸಿದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದಕ್ಕೆ ಹೆಣ್ಣಿನ ದನಿ ಕೊಟ್ಟರು. ಮೊಹರಮ್ಮಿನಲ್ಲಿ ಮುದಗಲ್ಲಿಗೆ ಹೋಗಿ ಅಲಾಯಿ ಕುಣಿತ ನೋಡಿದವರಿಗೆ, ರಿವಾಯತ್ ಪದ ಕೇಳಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬಿಟ್ಟಿತ್ತು. ಸೋಮವಾರ ಗೋಕರ್ಣಕ್ಕೆ ಹೊರಡುವುದೆಂದು ಮನೆಯಲ್ಲಿ ಮಾತಾಗಿತ್ತು. ಸಮುದ್ರ, ನಿದ್ದೆ, ಮೀನು. ನೋಟ್‌ಬುಕ್ ಮುಟ್ಟುವ ಹಾಗಿಲ್ಲ ಎಂಬುದು ಮನೆಯಾಕೆಯ ಷರತ್ತು. ಆದರೆ ಅದರ ಹಿಂದಿನ ಶನಿವಾರ, ಭಾನುವಾರಗಳೆರಡನ್ನೂ ಗೆಳೆಯರು ಮೊದಲೇ ಹಂಚಿಕೊಂಡುಬಿಟ್ಟಿದ್ದರು.

ಶನಿವಾರ ಸಂಜೆಯ ಪುಸ್ತಕ ಬಿಡುಗಡೆ ಸಮಾರಂಭದ ಬಗ್ಗೆ ಹೆಚ್ಚು ಹೇಳಲಾರೆ. ಸ್ವಾಗತ ಭಾಷಣ ಉದ್ದವಾಯಿತು, ಪ್ರಾಸ್ತಾವಿಕ ಇನ್ನೂ ಉದ್ದವಾಯಿತು, ಮೈಕು ನಡುನಡುವೆ ಕೂಗಿತು. ಹಾರ ಹಾಕಿಸಿಕೊಂಡವರು ಎದ್ದುಹೋದ ಮೇಲೆ, ಖಾಲಿ ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು, ಮಂಡಾಳು ಒಗ್ಗಾಣಿ ಮಿರ್ಚಿಯ ಪೇಪರ್ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತೆವಲ್ಲ, ಕಾರ್ಯಕ್ರಮ ಶುರುವಾದದ್ದು ಆಗ. ಉರ್ದು ಶಾಲೆಯಿಂದ ನಿವೃತ್ತರಾದ, ನಾವೆಲ್ಲ ಉಸ್ತಾದ್ ಎನ್ನುವ ಹಿರಿಯರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗ, ನಾನು. ಹುಡುಗ ಮೊಬೈಲ್ ತೆಗೆದು ಓದಿದ.

ಬೇಸಿಗೆಯ ಊರಿನಲಿ ಬೇವಿನ ನೆರಳು ಸಾಕು
ದಣಿದವನ ಕರೆಯಲಿಕೆ ನಿನ ಕಿರುಬೆರಳು ಸಾಕು

"ಆಹಾ" ಎಂದರು ಉಸ್ತಾದ್. ಮತ್ಲಾದ, ಅಂದರೆ ಮೊದಲ ಶೇರ್‌ನ, ಎರಡೂ ಸಾಲಿಗೆ ರದೀಫ್ ಕೂತಿದೆ: ಸಾಕು. ಅದರ ಹಿಂದೆ ಕಾಫಿಯಾ ಕೂಡಿದೆ: ನೆರಳು, ಬೆರಳು. ಐದೈದು ಮಾತ್ರೆಯ ಗಣಗಳು ತಪ್ಪಿಲ್ಲ. ಇಷ್ಟು ಚೊಕ್ಕಟವಾಗಿ ಮತ್ಲಾ ಕಟ್ಟುವ ಹುಡುಗರು ಈಗ ಕಡಿಮೆ. ಸಾಲಿನ ಕೊನೆಗೆ ಒಂದೇ ಪದ ತಂದು ತುರುಕಿ, ಕಾಫಿಯಾದ ಗೊಡವೆಗೇ ಹೋಗದೆ ಗಜಲ್ ಎಂದು ಹಣೆಪಟ್ಟಿ ಹಚ್ಚುವವರೇ ಜಾಸ್ತಿ. ಅದನ್ನು ನಾನು ಗಜಲ್ ಎನ್ನಲಾರೆ. ಹಾಜರಿ ಪುಸ್ತಕ ಎನ್ನಬಹುದು. ಹುಡುಗ ಹುರುಪಿನಿಂದ ಮುಂದಿನ ಶೇರ್ ಓದಿದ.

ಹಾರಗಳ ಹೊರೆಯೇಕೆ, ವೇದಿಕೆಯ ಹಂಗೇಕೆ
ನನ ಪದವ ಗುನುಗುತಿಹ ಒಂದೇ ಕೊರಳು ಸಾಕು

ಸಮಾರಂಭದ ಹಾರಗಳ ರಾಶಿ ಇನ್ನೂ ಮೇಜಿನ ಮೇಲೇ ಇತ್ತು. ಎಲ್ಲರೂ ಒಮ್ಮೆ ಆ ಕಡೆ ನೋಡಿ ನಕ್ಕೆವು. ಅಕ್ಕ ಮಾತ್ರ ಮೊದಲ ಶೇರ್‌ನಲ್ಲೇ ನಿಂತಿದ್ದರು. "ತಮ್ಮಾ, ಕಿರುಬೆರಳು ಎತ್ತಿದ್ರ ಸಾಲ್ಯಾಗ ಬ್ಯಾರೆ ಅರ್ಥ ಐತಲ್ಲೋ. ನಿನ್ನ ನಾಯಕಿ ಅವನನ್ನ ಕರೀತಾಳೋ, ಇಲ್ಲಾ ಹೊರಗ ಹೋಗಿ ಬರ್ತೀನಿ ಅಂತಾಳೋ?"

ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಕೆಲಸ ಶುರು. ಬೆರಳಿನ ಹಿಂದೆ ಖಾಲಿ ಇರುವುದು ನಾಲ್ಕೇ ಮಾತ್ರೆ. ತೋರುವ ಬೆರಳು? ಅದು ಆರೋಪ ಮಾಡುವ ಬೆರಳು, ನೆರಳಿಗೆ ಕರೆಯುವುದಲ್ಲ. ಉಂಗುರ ಬೆರಳು? ಮಾತ್ರೆ ಸರಿ, ಆದರೆ ಉಂಗುರದ ಬೆರಳೊಂದನ್ನೇ ಮಡಚಿ ಯಾರು ಕರೆಯುತ್ತಾರೆ? ಉಸ್ತಾದ್ ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು. "ನಾಲ್ಕು ಮಾತ್ರಿ ಅಂದ್ರ ನಮ್ಮ ದವಾಖಾನ್ಯಾಗ ಎರಡು ದಿನದ ಕೋರ್ಸು" ಎಂದು ಅಕ್ಕ ಎದ್ದರು. ಅವರಿಗೆ ಬೆಳಗಿನ ಪಾಳಿ ಇರಲಿಲ್ಲವಾದ್ದರಿಂದ ಮರುದಿನ ಲಿಂಗಸೂಗೂರಿನ ಬೈಠಕ್‌ಗೆ ಅವರೂ ಜೊತೆಗೆ ಬರುವುದೆಂದಾಯಿತು.

ದಾರಿಯಲ್ಲಿ ಮಸ್ಕಿಯ ಶಾಸನವನ್ನು ಬಿಸಿಲೇರುವ ಮುಂಚೆ ನೋಡಬೇಕೆಂದು ಭಾನುವಾರ ನಸುಕಿನಲ್ಲೇ ಹೊರಟೆವು. ತುಂಗಭದ್ರಾ ಎಡದಂಡೆ ನಾಲೆಯ ಎರಡನೇ ಬೆಳೆ ಕಟಾವಿಗೆ ಬಂದಿತ್ತು. ರಸ್ತೆಯ ಅರ್ಧಭಾಗ ಒಣಹಾಕಿದ ಭತ್ತಕ್ಕೇ ಮೀಸಲು. ಚೆಲ್ಲಿದ ಕಾಳಿನ ಮೇಲೆ ಟೈರು ಹಾಯಿಸುವಾಗ ನನಗೆ ಪ್ರತಿಸಲವೂ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ನಂಟಿರುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಗುತ್ತಾರೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕಿದ ಆ ದಂಪತಿ ಈ ರಸ್ತೆ ಕಂಡಿದ್ದರೆ ಏನೆನ್ನುತ್ತಿದ್ದರೋ! ಮಾರಯ್ಯನ ವಚನದ ಕೊನೆಗೆ ಅಮರೇಶ್ವರಲಿಂಗ ಬರುತ್ತದೆ. ಲಕ್ಕಮ್ಮನದರಲ್ಲಿ ಅದಕ್ಕೆ ಮೊದಲು ಮಾರಯ್ಯನೂ ಬಂದು ಕೂರುತ್ತಾನೆ. ಮಾನ್ವಿಯ ಜಗನ್ನಾಥದಾಸರು ಜಗನ್ನಾಥವಿಠಲ ಎಂದು ಮುಗಿಸುತ್ತಾರೆ. ಗಜಲ್‌ನ ಕೊನೆಯ ಶೇರ್ ಆದ ಮಕ್ತಾದಲ್ಲಿ ಕವಿ ತನ್ನ ಹೆಸರು ಇಡುವುದು ನಮಗೆ ವಿಚಿತ್ರ ಅನ್ನಿಸದೇ ಹೋದದ್ದು ಈ ರೂಢಿಯಿಂದಲೇ ಇರಬೇಕು. ಒಂದೇ ವ್ಯತ್ಯಾಸ, ಶರಣರು, ದಾಸರು ಇಟ್ಟದ್ದು ದೇವರ ಹೆಸರು.

ಮಸ್ಕಿಯ ಗುಡ್ಡದಲ್ಲಿ ಬಂಡೆಗಳ ನಡುವೆ ಗವಿಯಂಥ ಜಾಗ. ಹೊರಗೆ ಆಗಲೇ ಕಲ್ಲು ಕಾಯತೊಡಗಿದ್ದರೂ ಒಳಗೆ ತಂಪು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು ಇಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳು. 1837ರಲ್ಲೇ ಪ್ರಿನ್ಸೆಪ್ ಈ ಲಿಪಿಯನ್ನು ಓದಿದ್ದ. ಆದರೆ ಅದುವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಅಶೋಕ ಎಂಬ ಹೆಸರು ಕಲ್ಲಿನ ಮೇಲೆ ಮೊದಲಿಗೆ ಸಿಕ್ಕಿದ್ದು ಇಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್‌ರಾದಲ್ಲಿ, ನದಿಯಾಚೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಂಗಳಲ್ಲೂ ಸಿಕ್ಕಿತು. ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಎತ್ತರದ ಫಲ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಇದರ ತಾತ್ಪರ್ಯ. ಹೇಳಬೇಕು ಎಂದಿದ್ದಾನೆ, ಕೆತ್ತಿಸಿ ಕೈತೊಳೆದುಕೊಂಡಿಲ್ಲ. ಅವನಿಗೂ ಕೇಳುವವರು ಬೇಕಿತ್ತು.

ಹೆಸರು ಮೊದಲ ಸಾಲಿನಲ್ಲೇ ಇದೆ ಎಂದು ನಾನು ತೋರಿಸಿದಾಗ ಉಸ್ತಾದ್ ಕನ್ನಡಕ ಒರೆಸಿಕೊಂಡು ನೋಡಿದರು. "ಈತ ಹೆಸರನ್ನ ಮತ್ಲಾದಾಗ ಇಟ್ಟಾನಲ್ರೀ! ಬಾದಶಾ ನೋಡ್ರಿ, ಮಕ್ತಾತನಕ ಕಾಯೂದು ಗೊತ್ತಿಲ್ಲ."

ಲಿಂಗಸೂಗೂರು ಮುಟ್ಟುವಾಗ ಹೊಟ್ಟೆ ಚುರುಗುಡುತ್ತಿತ್ತು. ನಿಜಾಮರ ಕಾಲದಲ್ಲಿ ಒಂದಷ್ಟು ವರ್ಷ ಜಿಲ್ಲಾ ಕೇಂದ್ರವಾಗಿದ್ದ ಊರು ಎಂಬ ಗತ್ತು ಅಲ್ಲಿನವರ ಮಾತಿನಲ್ಲಿ ಇನ್ನೂ ಉಳಿದಿದೆ. ಬೈಠಕ್‌ಗೆ ಕರೆದವರು "ನಮ್ಮಲ್ಲಿ ಊಟ ಮಾಡದ ಹೋದ್ರ ನಡ್ಯಂಗಿಲ್ಲ" ಎಂದು ಮೊದಲು ಖಾನಾವಳಿಗೇ ಕರೆದೊಯ್ದರು. ಭಾನುವಾರದ ಗದ್ದಲ. ಬಾಗಿಲಲ್ಲಿ ನಿಂತು ಜಾಗಕ್ಕಾಗಿ ಕಣ್ಣಾಡಿಸುತ್ತಿದ್ದೆವು. ಒಲೆಯ ಮುಂದೆ ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ಕಲ್ಲಿನ ಮೇಲೆ ಜೋಳದ ಹಿಟ್ಟು ಅಂಗೈ ಕೆಳಗೆ ಗರಗರ ತಿರುಗುತ್ತ ಅಗಲವಾಗುವುದು, ಎತ್ತಿ ಹಂಚಿಗೆ ಬಿಡುವುದು, ನೀರಿನ ಅರಿವೆ ಸವರುವುದು; ಕೈ ಬಿಡುವಿಲ್ಲ, ಮೊಣಕೈತನಕ ಹಿಟ್ಟು. ನಮ್ಮನ್ನು ನೋಡಿ ಅಂಗೈಯನ್ನು ರೊಟ್ಟಿಯಿಂದ ಎತ್ತದೆಯೇ ಒಂದು ಬೆರಳು ಮಾತ್ರ ಮಡಚಿ, ಮೂಲೆಯ ಬೆಂಚಿನತ್ತ ಗೋಣು ಹಾಕಿದಳು. "ಬರ್ರೀ ಅಣ್ಣಾರ, ಅಲ್ಲಿ ಕುಂದರ್ರಿ."

ನಾವು ಬೆಂಚು ಹಿಡಿಯಲು ಓಡಿದೆವು. ಅಕ್ಕ ಅಲ್ಲಿಯೇ ನಿಂತಿದ್ದರು. ಪುಂಡಿಪಲ್ಯ, ಶೇಂಗಾ ಹಿಂಡಿ ತಟ್ಟೆಗೆ ಬಿದ್ದ ಮೇಲೆ ಬಂದು ಹುಡುಗನ ಎದುರು ಕೂತರು.

"ಹಿಟ್ಟಿನ ಬೆರಳು" ಎಂದರು.

ಹುಡುಗ ಬಾಯಲ್ಲಿದ್ದ ತುತ್ತು ನುಂಗಲಿಲ್ಲ. ಮೇಜಿನ ಮೇಲೆ ತಾಳ ಹಾಕುತ್ತ ಲೆಕ್ಕ ಮಾಡಿದ. ಹಿ-ಟ್ಟಿ-ನ, ನಾಲ್ಕು. ದಣಿದವನ ಕರೆಯಲಿಕೆ ಹಿಟ್ಟಿನ ಬೆರಳು ಸಾಕು. ಅಲ್ಲಿಯತನಕ ಎಲ್ಲರ ಪ್ರೇಮಗೀತೆಗಳಲ್ಲೂ ಇರುವ ನಾಯಕಿಯೊಬ್ಬಳು ಆ ಸಾಲಿನಲ್ಲಿದ್ದಳು. ಈಗ ಅಲ್ಲಿಗೆ ಹಸಿವು ಬಂತು, ಮನೆ ಬಂತು, ನಮ್ಮ ಸೀಮೆ ಬಂತು. ಇದು ಯಾರ ಶೇರ್ ಈಗ? ಹುಡುಗನದು ಎಂದೇ ನನ್ನ ತೀರ್ಪು. ನಾಲ್ಕು ಮಾತ್ರೆಯನ್ನು ಖಾಲಿ ಇಟ್ಟುಕೊಂಡು ಒಂದು ರಾತ್ರಿ ಅರ್ಧ ಹಗಲು ಒದ್ದಾಡಿದವನು ಅವನು. ಮಧ್ಯಾಹ್ನದ ಬೈಠಕ್‌ನಲ್ಲಿ ಅವನು ಅದನ್ನು ಓದಿದಾಗ ಹಟ್ಟಿಯಿಂದ ಬಂದಿದ್ದ ಗಣಿ ಕಾರ್ಮಿಕ ಗೆಳೆಯರೊಬ್ಬರು ಮೂರು ಸಲ ಹೇಳಿಸಿದರು. ಪಾಳಿ ಮುಗಿಸಿ ನೆಲದ ಮೇಲೆ ಬಂದವರಿಗೆ ಆ ಸಾಲು ಹೇಗೆ ಕೇಳಿಸಿತೋ. ನನ್ನ ಗಜಲ್‌ಗೆ ಬಂದದ್ದು ಬರೀ ಮರ್ಯಾದೆಯ ವಾಹ್ ವಾಹ್.

ಸೋಮವಾರ ಹುಬ್ಬಳ್ಳಿಯ ರೈಲು. 2024ರಲ್ಲಿ ಹಳಿ ಸಿಂಧನೂರು ಮುಟ್ಟಿದ ಮೇಲೆ ಕರಾವಳಿ ನಮಗೆ ಒಂದಿಷ್ಟು ಹತ್ತಿರವಾದಂತಿದೆ. ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದ್ದೆ. ಗಂಗಾವತಿ ದಾಟುವಷ್ಟರಲ್ಲಿ ಹುಡುಗನ ಫೋನು. ಇನ್ನೂ ಎರಡು ಶೇರ್ ಬೇಕಂತೆ, ಮಕ್ತಾ ಬಾಕಿಯಂತೆ, ಕಾಫಿಯಾ ತೀರಿಹೋಗುತ್ತಿವೆಯಂತೆ: "ಅರಳು ಆತು, ಇರುಳು ಕೂಡಂಗಿಲ್ಲ ಅಂತಾರ ಉಸ್ತಾದ್. ಮರಳು ನಡೀತದೇನ್ರೀ ಸರ? ಹೆಂಗೂ ಸಮುದ್ರಕ್ಕ ಹೊಂಟೀರಿ."

ಮನೆಯಾಕೆ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ತಮ್ಮಾ, ನಮ್ಮ ಕಡೆ ಅದಕ್ಕ ಉಸುಕು ಅಂತಾರ. ನಿನ್ನ ಕಾಫಿಯಾಕ್ಕ ಕೂಡಂಗಿಲ್ಲ. ಇಡು."